ಇಡಿಯಾಗಿ ಹೊರಬಂದ ಮಾತ್ರೆ

ಮೊಸರಲ್ಲಿ ಕಲ್ಲು ಹುಡುಕುವವರು ಎಲ್ಲ ಊರಲ್ಲೂ ಇರ್ತಾರೆ. ಲಾಯಿಲದ ಮಾಯಿಲಪ್ಪಣ್ಣ ಅವರಿಗಿಂತ ಒಂದು ಕೈ ಮೇಲೆ. ಕಲ್ಲು ಸಿಗದಿದ್ದರೆ, ‘ಯಾರೋ ಮೊದಲೇ ತೆಗೆದು ಅಡಗಿಸಿದ್ದಾರೆ’ ಅನ್ನುವ ಜನ.

ಅದಕ್ಕೆ ಅವರನ್ನು ಬೈದು ಪ್ರಯೋಜನ ಇಲ್ಲ. ಇಪ್ಪತ್ತೆಂಟು ವರ್ಷ ಖಾಸಗಿ ಬಸ್ಸುಗಳಲ್ಲಿ ಚೆಕ್ಕಿಂಗ್ ಕೆಲಸ ಮಾಡಿದವರು ಅವರು. ನಡುದಾರಿಯಲ್ಲಿ ಬಸ್ಸು ಹತ್ತುವುದು, ಕಂಡಕ್ಟರನ ಮುಖ ನೋಡುವುದು, ಕಣ್ಣು ಮುಚ್ಚಿ ನಿದ್ದೆಯ ನಾಟಕ ಮಾಡುವವನನ್ನು ಎಬ್ಬಿಸಿ ಟಿಕೆಟ್ ಕೇಳುವುದು. ಕೆಲಸ ಬಿಟ್ಟು ಆರು ವರ್ಷ ಆದರೂ ಅಭ್ಯಾಸ ಬಿಡಲಿಲ್ಲ. ಕಿವಿರು ಬಿಡಿಸಿ ನೋಡದೆ ಬಂಗುಡೆ ಮೀನು ತಗೊಳ್ಳುವುದಿಲ್ಲ. ಫೋನಿನಲ್ಲಿ ಯಾರಾದರೂ ‘ನಮಸ್ಕಾರ’ ಅಂದರೆ ‘ಯಾಕೆ?’ ಅಂತ ಕೇಳ್ತಾರೆ.

ಅವರು ಕಣ್ಣು ಮುಚ್ಚಿ ನಂಬಿದ್ದು ಒಬ್ಬರನ್ನೇ, ಹೆಂಡತಿ ಸೇಸಮ್ಮನನ್ನು. ಸೇಸಮ್ಮ ಬೀಡಿ ಕಟ್ಟುವವರು. ಕೈ ಎಷ್ಟು ಓಡ್ತದೋ ಬಾಯಿಯೂ ಅಷ್ಟೇ ಓಡ್ತದೆ. ಕಳೆದ ಮಳೆಗಾಲದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಗೆ ಕಾಲು ಜಾರಿತು, ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಯಿತು. ಆರು ವಾರ ಮಂಚದಿಂದ ಇಳಿಯಬಾರದು ಅಂದರು ಡಾಕ್ಟರ್. ಬಂಟ್ವಾಳಕ್ಕೆ ಮದುವೆ ಮಾಡಿಕೊಟ್ಟ ಮಗಳು ಆಗಷ್ಟೇ ಹೆತ್ತು ಬಾಣಂತಿ, ಅವಳು ಬರುವ ಹಾಗಿಲ್ಲ. ಗಂಜಿ ಬೇಯಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ತೊಳೆಯುವುದು ಎಲ್ಲ ಮಾಯಿಲಪ್ಪಣ್ಣನೇ ಮಾಡಿದರು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಮಾಡಿದರು.

ಸೇಸಮ್ಮನಿಗೆ ಬಿ.ಪಿ. ಮೊದಲಿನಿಂದ ಉಂಟು. ದಿನಕ್ಕೆ ಮೂರು ಮಾತ್ರೆ ಇತ್ತು. ಒಂದು ಹೊತ್ತು ನೆನಪಿದ್ದರೆ ಇನ್ನೊಂದು ಹೊತ್ತು ಮರೆವು. ಹಾಗಾಗಿ ಡಾಕ್ಟರ್ ಅದನ್ನು ತೆಗೆದು, ದಿನಕ್ಕೆ ಒಂದೇ ಸಲ ನುಂಗುವ ಮಾತ್ರೆ ಬರೆದರು. ಮೆಡಿಕಲ್ ಅಂಗಡಿಯ ಅಶೋಕ ಆ ಚೀಟಿ ನೋಡಿ ಮಾತ್ರೆ ಕೊಟ್ಟ.

“ಮೂರು ಮಾತ್ರೆಯ ಕೆಲಸ ಒಂದೇ ಮಾಡ್ತದಾ?” ಮಾಯಿಲಪ್ಪಣ್ಣ ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ಕೇಳಿದರು.

“ಮಾಡ್ತದೆ ಮಾಯಿಲಪ್ಪಣ್ಣ. ಇದು ಹೊಟ್ಟೆಗೆ ಹೋಗಿ ಮದ್ದನ್ನು ನಿಧಾನಕ್ಕೆ ಬಿಡ್ತದೆ, ಇಡೀ ದಿನ. ಒಂದು ನೆನಪಿಡಿ, ಇಡೀ ನುಂಗಬೇಕು. ಜಗಿಯಬಾರದು, ತುಂಡು ಮಾಡಬಾರದು.”

“ಜಗಿದರೆ ಎಂತ ಆಗ್ತದೆ?”

ಅಷ್ಟರಲ್ಲಿ ನಾಲ್ಕು ಜನ ಒಟ್ಟಿಗೆ ಬಂದರು. ಅಶೋಕ “ಜಗಿಯಬೇಡಿ ಅಷ್ಟೆ” ಅಂತ ಹೇಳಿ ಆ ಕಡೆ ತಿರುಗಿದ. ಸಾಕಲ್ಲ! ಮಾಯಿಲಪ್ಪಣ್ಣನ ತಲೆಗೆ ಹುಳ ಹೊಕ್ಕಿತು. ಜಗಿಯಬಾರದಂತೆ, ತುಂಡು ಮಾಡಬಾರದಂತೆ. ತುಂಡು ಮಾಡಿದರೆ ಒಳಗೆ ಎಂತ ಉಂಟು ಅಂತ ನಮಗೆ ಗೊತ್ತಾಗ್ತದಲ್ಲ, ಅದಕ್ಕೇ ಇರಬೇಕು ಅಂದುಕೊಂಡು ಮನೆಗೆ ಬಂದರು.

ನಾಲ್ಕನೆಯ ದಿನ ಬೆಳಿಗ್ಗೆ ಪ್ಯಾನ್ ತೊಳೆಯುವಾಗ ಗುಂಡಗೆ ಏನೋ ಕಂಡಿತು. ಮಾಯಿಲಪ್ಪಣ್ಣ ಬಗ್ಗಿ ನೋಡಿದರು. ಕಡ್ಡಿಯಿಂದ ಸರಿಸಿದರು. ಮತ್ತೆ, ಹೇಸಿಗೆಯೆಲ್ಲ ಮರೆತು, ನೀರು ಹೊಯ್ದು ತೊಳೆದೇ ನೋಡಿದರು.

ಮಾತ್ರೆ! ಅದೇ ಬಣ್ಣ, ಅದೇ ಗಾತ್ರ. ನಿನ್ನೆ ಮೊನ್ನೆ ನುಂಗಿಸಿದ ಮಾತ್ರೆ ಇಡಿಯಾಗಿ ಹೊರಗೆ ಬಂದಿದೆ.

ಅವರ ಮೈ ಉರಿದುಹೋಯಿತು. “ಕಳ್ಳರು! ಸುಣ್ಣದ ಉಂಡೆ ಮಾಡಿ ಮಾರ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನನಗೆ ಗೊತ್ತಿರಲಿಲ್ಲವಾ?” ಅಂತ ಒಳಗೊಳಗೇ ಕುದಿದರು. ಅದನ್ನು ಒಣಗಿಸಿ, ಬೆಂಕಿಪೆಟ್ಟಿಗೆಯಲ್ಲಿ ಹಾಕಿ, ಅಂಗಿಯ ಕಿಸೆಗೆ ಇಳಿಸಿದರು. ಸಾಕ್ಷಿ ಬೇಕಲ್ಲ. ಎರಡು ದಿನ ಬಿಟ್ಟು ಇನ್ನೊಂದು ಸಿಕ್ಕಿತು. ಈಗ ಸಂಶಯವೇ ಇಲ್ಲ ಅಂತಾಯಿತು.

ಇಲ್ಲಿ ಒಂದು ಮಾತು. ಅವರು ಆ ಹೊತ್ತಿಗೆ ಅಶೋಕನ ಅಂಗಡಿಗೆ ಹೋಗಿ ಬೆಂಕಿಪೆಟ್ಟಿಗೆ ಬಿಡಿಸಿ ಇಟ್ಟು ಕೇಳಬಹುದಿತ್ತು. ವಾರಕ್ಕೊಮ್ಮೆ ಕಾಲು ನೋಡ್ಲಿಕ್ಕೆ ಮನೆಗೆ ಬರುವ ಆರೋಗ್ಯ ಕೇಂದ್ರದ ಸುಪ್ರೀತಾ ಸಿಸ್ಟರ್ ಹತ್ತಿರ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಗೊತ್ತುಂಟಾ? ನಾಚಿಕೆ. ಎಂತ ಅಂತ ಹೇಳುವುದು? ಹೆಂಡತಿಯ ಪ್ಯಾನಿನಲ್ಲಿ ಸಿಕ್ಕಿತು, ತೊಳೆದು ನೋಡಿದೆ ಅಂತಲಾ? ಊರಿಡೀ ನಗಾಡುವುದಿಲ್ಲವಾ? ಬಸ್ಸಿನಲ್ಲಿ ಸಾವಿರ ಜನರನ್ನು ಪ್ರಶ್ನೆ ಮಾಡಿದ ಗಟ್ಟಿ ಬಾಯಿ ಇದೊಂದು ಪ್ರಶ್ನೆಗೆ ಹೊಲಿದು ಹೋಯಿತು.

ಬದಲಿಗೆ ಅವರು ಅಡುಗೆ ಕೋಣೆಯ ಮೂಲೆಯಿಂದ ತೇಯುವ ಕಲ್ಲು ತೆಗೆದರು. ಮಕ್ಕಳಿಗೆ ಬಜೆ, ಜಾಯಿಕಾಯಿ ತೇದು ನೆಕ್ಕಿಸಿದ ಕಲ್ಲು ಅದು. ಕರಗುವುದಿಲ್ಲವಾ? ಕರಗಿಸುವುದು ಹೇಗೆ ಅಂತ ನಾನು ತೋರಿಸ್ತೇನೆ ಅಂತ ಮಾತ್ರೆಯನ್ನು ಕುಟ್ಟಿ, ಕಲ್ಲಿಗೆ ಹಾಕಿ, ಶುಂಠಿ ರಸ ಬಿಟ್ಟು ನುಣ್ಣಗೆ ತೇದರು. ಮೇಲಿಂದ ಒಂದು ಚಮಚ ಜೇನು.

“ಇದೆಂತ ಇವತ್ತು? ಬಾಣಂತಿ ಮದ್ದಿನ ಹಾಗೆ ಉಂಟು,” ಅಂದರು ಸೇಸಮ್ಮ.

“ಅದೇ ಮಾತ್ರೆ. ತೇದರೆ ಒಳ್ಳೆದು. ಬಾಯಿ ಬಿಡು.”

ಸೇಸಮ್ಮ ಬಾಯಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಮುಖ ಕೆಂಪಗಾಯಿತು. ತಲೆ ಸಿಡಿಯುತ್ತದೆ, ಎದೆ ಡಬಡಬ ಅನ್ನುತ್ತದೆ ಅಂದರು. ಮಧ್ಯಾಹ್ನದವರೆಗೆ ದಿಂಬಿನಿಂದ ತಲೆ ಎತ್ತಲಿಲ್ಲ. ಮಾಯಿಲಪ್ಪಣ್ಣನಿಗೆ ಇದು ಸಂತೋಷದ ಸುದ್ದಿ. “ನೋಡು, ಈಗ ಹಿಡಿಯಿತು ಮದ್ದು! ಇಷ್ಟು ದಿನ ಸುಮ್ಮನೆ ನುಂಗಿದ್ದು,” ಅಂದರು.

ಮರುದಿನ ಇನ್ನೂ ನುಣ್ಣಗೆ ತೇದರು.

ಅರ್ಧ ಗಂಟೆ ಆಗಿರಬಹುದು. ದಿಂಬಿಗೆ ಒರಗಿ ಕೂತ ಸೇಸಮ್ಮ, “ಇವರೇ, ಕಣ್ಣಿಗೆ ಕತ್ತಲೆ...” ಅಂದವರು ಹಾಗೇ ವಾಲಿದರು. ಮೈಯೆಲ್ಲ ತಣ್ಣನೆ ಬೆವರು. ಕರೆದರೆ ಓಗೊಡುವುದಿಲ್ಲ. ಮಾಯಿಲಪ್ಪಣ್ಣ ಅಂಗಳಕ್ಕೆ ಓಡಿ ಕೂಗಿದ ಕೂಗಿಗೆ, ಎದುರು ಮನೆಯ ರಿಕ್ಷಾ ಡ್ರೈವರ್ ಇಬ್ರಾಹಿಂ ಖಲೀಲ್ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದ. ಇಬ್ಬರೂ ಸೇರಿ ಕಾಲಿಗೆ ಪೆಟ್ಟಾಗದ ಹಾಗೆ ಅವರನ್ನು ಎತ್ತಿ ರಿಕ್ಷಾದಲ್ಲಿ ಮಲಗಿಸಿದರು.

“ಮಾಯಿಲಪ್ಪಣ್ಣ, ಎಂತ ಆಯ್ತು ಇವರಿಗೆ? ಎಂತ ತಿಂದದ್ದು?” ಖಲೀಲ್ ದಾರಿಯಲ್ಲಿ ಕೇಳಿದ.

“ಎಂತ ಇಲ್ಲ. ನೀನು ರೋಡು ನೋಡು ಮಾರಾಯ.”

ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ಡಾಕ್ಟರಮ್ಮನ ಹುಬ್ಬು ಗಂಟಾಯಿತು. ನೂರೈವತ್ತು, ನೂರ ಅರವತ್ತು ಇರುತ್ತಿದ್ದ ಬಿ.ಪಿ. ಎಪ್ಪತ್ತಕ್ಕೆ ಇಳಿದಿತ್ತು. ಡ್ರಿಪ್ ಹಾಕಿದರು, ಎದೆಗೆ ವಯರು ಅಂಟಿಸಿದರು. ಹೃದಯಾಘಾತವಾ, ಮುರಿದ ಕಾಲಿನಿಂದ ರಕ್ತ ಹೆಪ್ಪುಗಟ್ಟಿ ಮೇಲೆ ಹೋಯಿತಾ ಅಂತ ಅವರವರಲ್ಲೇ ಮಾತಾಡಿಕೊಂಡರು. ಮಂಗಳೂರಿಗೆ ಕಳಿಸಬೇಕಾಗಬಹುದು ಅಂದರು.

“ಬೆಳಿಗ್ಗೆ ಯಾವ ಮದ್ದು ಕೊಟ್ಟಿದ್ದೀರಿ?” ಡಾಕ್ಟರಮ್ಮ ಕೇಳಿದರು.

“ನೀವು ಬರೆದದ್ದೇ.”

“ಹೇಗೆ ಕೊಟ್ರಿ? ಜಾಸ್ತಿ ಏನಾದ್ರೂ?”

“ಎಲ್ಲರೂ ಕೊಡುವ ಹಾಗೆ. ಒಂದೇ ಒಂದು.”

ನೋಡಿ, ಎಂಥ ಮನುಷ್ಯ! ಹೆಂಡತಿ ಅಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಳೆ, ಇವರಿಗೆ ಇಲ್ಲಿ ಲೆಕ್ಕಾಚಾರ. ತೇದು ಕೊಟ್ಟೆ ಅಂದರೆ ತಪ್ಪು ನನ್ನ ತಲೆಗೆ ಕಟ್ಟುತ್ತಾರೆ. ಬರೆದವರು, ಮಾರಿದವರು, ಮಾಡಿದವರು ಎಲ್ಲ ಒಂದೇ ಸಾಲಿನವರು. ಕಳ್ಳ ಮಾತ್ರೆಯಿಂದಲೇ ಹೀಗಾದದ್ದು, ನಾನು ಬಾಯಿ ಬಿಟ್ಟರೆ ಸಾಕ್ಷಿಯನ್ನೂ ಕಸಿದುಕೊಳ್ಳುತ್ತಾರೆ. ಹೀಗೆ ಯೋಚನೆ ಮಾಡುತ್ತ ಕಿಸೆ ಒತ್ತಿ ಹಿಡಿದು ಬೆಂಚಿನಲ್ಲಿ ಕೂತರು.

ಹತ್ತು ಗಂಟೆಗೆ ಭವ್ಯಶ್ರೀ ಬಂದಳು. ಸೇಸಮ್ಮನ ತಮ್ಮನ ಮಗಳು, ಮನೆ ತೋಡಾರಿನಲ್ಲಿ. ಫಾರ್ಮಸಿ ಕಲಿತು, ಮೂಡುಬಿದಿರೆಯ ಹತ್ತಿರ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಮದ್ದಿನ ಬಗ್ಗೆಯೇ ಸಂಶೋಧನೆ ಮಾಡುವವಳು. ಖಲೀಲ್ ಫೋನ್ ಮಾಡಿದ್ದಕ್ಕೆ ಸಿಕ್ಕಿದ ಬಸ್ಸಿಗೆ ಹತ್ತಿ ಬಂದಿದ್ದಳು. ಅತ್ತೆಯನ್ನು ನೋಡಿದಳು, ಚೀಟಿ ಓದಿದಳು, ಬಂದು ಮಾವನ ಹತ್ತಿರ ಕೂತಳು.

“ಮಾವ, ಅತ್ತೆಯ ಬಾಯಿಯಿಂದ ಶುಂಠಿ ವಾಸನೆ ಬರ್ತಾ ಉಂಟು. ಮಾತ್ರೆ ಹೇಗೆ ಕೊಟ್ರಿ?”

“ನಿನಗೂ ಅದೇ ಪ್ರಶ್ನೆಯಾ? ನೀನೂ ಅವರ ಕಡೆಯವಳೇ ಅಲ್ವಾ, ಮದ್ದು ಮಾಡುವವಳು.”

“ನಾನು ಅತ್ತೆಯ ಕಡೆಯವಳು,” ಅಂದಳು ಭವ್ಯಶ್ರೀ. “ಒಳಗೆ ಅವರು ಎಂತ ಅಂತ ಗೊತ್ತಾಗದೆ ಹುಡುಕ್ತಾ ಇದ್ದಾರೆ. ನಿಮಗೆ ಗೊತ್ತಿದ್ದರೆ ಹೇಳಿ ಮಾವ. ಬೈಯುವುದಿಲ್ಲ.”

ಮಾಯಿಲಪ್ಪಣ್ಣ ಆ ಕಡೆ ಈ ಕಡೆ ನೋಡಿ ಬೆಂಕಿಪೆಟ್ಟಿಗೆ ತೆಗೆದರು. “ನೋಡು, ಇದು ನಿಮ್ಮ ಮದ್ದು. ಬಾಯಿಗೆ ಹೇಗೆ ಹೋಯಿತೋ ಹಾಗೇ ಕೆಳಗೆ ಬಂದಿದೆ. ಪ್ಯಾನಿನಲ್ಲಿ ಸಿಕ್ಕಿತು. ಒಂದಲ್ಲ, ಎರಡು. ಈಗ ಹೇಳು ಮೋಸ ಯಾರದ್ದು?”

ಭವ್ಯಶ್ರೀ ನಗಲಿಲ್ಲ, ಮೂಗು ಮುಚ್ಚಲೂ ಇಲ್ಲ. ನರ್ಸ್ ಹತ್ತಿರ ಕೈಗವಸು, ಒಂದು ಬ್ಲೇಡ್ ಕೇಳಿ ತಂದಳು. ಬೆಂಚಿನ ಮೇಲೆ ಕಾಗದ ಹಾಸಿ ಮಾತ್ರೆಯನ್ನು ಎರಡು ಸೀಳು ಮಾಡಿದಳು.

ಒಳಗೆ ಖಾಲಿ. ಒಣಗಿದ ಸಿಪ್ಪೆ ಮಾತ್ರ.

“ಮದ್ದು ಎಲ್ಲಿ?” ಅಂದರು ಮಾಯಿಲಪ್ಪಣ್ಣ.

“ಅತ್ತೆಯ ರಕ್ತಕ್ಕೆ ಹೋಗಿದೆ. ಇಲ್ಲಿ ನೋಡಿ, ಸೂಜಿ ಮೊನೆಯಷ್ಟು ತೂತು ಉಂಟು. ದೇವಸ್ಥಾನದಲ್ಲಿ ಲಿಂಗದ ಮೇಲೆ ಧಾರೆ ಪಾತ್ರೆ ಕಟ್ಟುತ್ತಾರಲ್ಲ ಮಾವ, ಅಡಿಯಲ್ಲಿ ಸಣ್ಣ ತೂತು, ಹನಿ ಹನಿ ಬೀಳ್ತಾ ಇರ್ತದೆ. ಹಾಗೇ ಇದು. ಹೊಟ್ಟೆಯ ನೀರು ಒಳಗೆ ಹೋಗಿ ಮದ್ದನ್ನು ಈ ತೂತಿನಿಂದ ಇಡೀ ದಿನ ಸ್ವಲ್ಪ ಸ್ವಲ್ಪವೇ ತಳ್ಳುತ್ತದೆ. ಕೊನೆಗೆ ಖಾಲಿ ಪಾತ್ರೆ ಉಳೀತದೆ, ಅದು ಹೊರಗೆ ಬರ್ತದೆ. ಪಾತ್ರೆ ಉಳಿಯಿತು ಅಂತ ನೀರೇ ಬೀಳಲಿಲ್ಲ ಅನ್ನುವುದಾ? ಎಲ್ಲ ಮಾತ್ರೆ ಹೀಗೆ ಅಲ್ಲ. ಕೆಲವು ಪೂರ್ತಿ ಕರಗ್ತವೆ, ಕೆಲವು ಮೆತ್ತಗೆ ಮುದ್ದೆಯ ಹಾಗೆ ಬರ್ತವೆ. ಆದರೆ ಇದು ಮೋಸ ಅಲ್ಲ ಮಾವ.”

ಮಾಯಿಲಪ್ಪಣ್ಣ ಆ ಸಿಪ್ಪೆಯನ್ನು ನೋಡುತ್ತಲೇ ಇದ್ದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು, “ಅದನ್ನು ತೇದರೆ?”

ಭವ್ಯಶ್ರೀಗೆ ಅರ್ಥವಾಯಿತು. “ತೇದರೆ ಇಡೀ ದಿನದ ಮದ್ದು ಒಂದೇ ಸಲ ಮೈಗೆ ಇಳೀತದೆ. ಬಿ.ಪಿ. ಕುಸೀತದೆ. ಮಾವ, ತೇದಿರಾ?”

“ಎರಡು ದಿನ ತೇದೆ ಮಗಾ. ನಾನೇ ಕೊಂದೆ ಅವಳನ್ನು.” ಅವರು ತಲೆ ತಲೆ ಬಡಿದುಕೊಂಡರು.

“ಈಗ ಅಳುವ ಹೊತ್ತಲ್ಲ, ಏಳಿ. ಡಾಕ್ಟರಿಗೆ ಹೇಳುವ.”

ಒಳಗೆ ಹೋಗಿ ಎಲ್ಲ ಹೇಳಿದರು. ಪ್ಯಾನು, ಬೆಂಕಿಪೆಟ್ಟಿಗೆ, ಕಲ್ಲು, ಶುಂಠಿ, ಯಾವುದನ್ನೂ ಬಿಡಲಿಲ್ಲ. ಡಾಕ್ಟರಮ್ಮ ಕೇಳಿಕೊಂಡೇ ನರ್ಸಿಗೆ ಬೇರೆ ಇಂಜೆಕ್ಷನ್ ತರಲು ಹೇಳಿದರು. “ಬಂದ ಕೂಡಲೇ ಹೇಳಿದ್ದರೆ ನಮಗೆ ಎರಡು ಗಂಟೆ ಉಳೀತಿತ್ತು,” ಅಂದರು. “ಇರಲಿ, ಈಗಾದರೂ ಹೇಳಿದ್ರಲ್ಲ. ಇನ್ನು ಎಂತ ಮಾಡಬೇಕು ಅಂತ ಗೊತ್ತಾಯ್ತು. ಸಂಜೆವರೆಗೆ ನೋಡುವ.”

ಸಂಜೆವರೆಗೆ! ಆ ಬೆಂಚಿನಲ್ಲಿ ಕೂತ ಒಂದೊಂದು ಗಂಟೆಯೂ ಮಾಯಿಲಪ್ಪಣ್ಣನಿಗೆ ಒಂದು ವರ್ಷ. ಭವ್ಯಶ್ರೀ ಚಾ ತಂದುಕೊಟ್ಟರೆ ಕುಡಿಯಲಿಲ್ಲ. ಸುಮ್ಮನೆ ಕೂತರೆ ಹುಚ್ಚು ಹಿಡಿದೀತು ಅಂತ ಮಾತು ತೆಗೆದರು.

“ನೀನು ಆ ಪ್ರಯೋಗಾಲಯದಲ್ಲಿ ಇಂಥದ್ದನ್ನೇ ಮಾಡುವುದಾ?”

“ಇದರ ಅಕ್ಕತಂಗಿ ಅಂತ ಹೇಳಬಹುದು. ಒಮ್ಮೆ ಚುಚ್ಚಿದರೆ ತಿಂಗಳಿಡೀ ಮದ್ದು ಬಿಡುವ ಇಂಜೆಕ್ಷನ್. ಅಂಥದ್ದು ಈಗಲೇ ಕೆಲವು ಉಂಟು. ಮಾನಸಿಕ ಕಾಯಿಲೆಗೆ ತಿಂಗಳಿಗೊಂದು, ಮಕ್ಕಳು ಬೇಡ ಅನ್ನುವವರಿಗೆ ಮೂರು ತಿಂಗಳಿಗೊಂದು. ದಿನಾ ಮಾತ್ರೆ ನುಂಗ್ಲಿಕ್ಕೆ ಆಗದವರಿಗೆ ಅನುಕೂಲ.”

ಹಳೆಯ ಮಾಯಿಲಪ್ಪಣ್ಣ ಅಷ್ಟು ದುಃಖದಲ್ಲೂ ಒಮ್ಮೆ ತಲೆ ಎತ್ತಿದರು. “ಅದನ್ನು ಯಾರ ಮೇಲೆ ಪ್ರಯೋಗ ಮಾಡುವುದು? ನಮ್ಮಂಥ ಬಡವರ ಮೇಲೆಯಾ?”

“ಸರಿಯಾದ ಪ್ರಶ್ನೆ ಮಾವ, ಕೇಳಲೇಬೇಕು. ಮೊದಲು ಗಾಜಿನ ಪಾತ್ರೆಯಲ್ಲಿ, ಆಮೇಲೆ ಪ್ರಾಣಿಗಳಲ್ಲಿ. ಮನುಷ್ಯರಿಗೆ ಬರುವಾಗ ಸರಕಾರದ ಅನುಮತಿ ಬೇಕು, ನೀತಿ ಸಮಿತಿಯ ಒಪ್ಪಿಗೆ ಬೇಕು. ಸೇರುವವರಿಗೆ ಅವರ ಭಾಷೆಯಲ್ಲಿ ವಿವರಿಸಿ ಸಹಿ ತಗೊಳ್ಬೇಕು. ಬೇಡ ಅಂದರೆ ಬೇಡ, ನಡುವೆ ಬಿಟ್ಟು ಹೋಗಬಹುದು. ಹೇಳದೆ ಯಾರಿಗೂ ಕೊಡುವ ಹಾಗಿಲ್ಲ.” ಮತ್ತೆ ಅವಳೇ ಅಂದಳು, “ನಮ್ಮವರದ್ದು ಅಲ್ಲಿಯೂ ಒಂದು ತಪ್ಪು ಉಂಟು. ಸೂಜಿ ಚುಚ್ಚಿದ ಕೂಡಲೇ ಮನೆಗೆ ಬಂದು ಎಣ್ಣೆ ಹಾಕಿ ತಿಕ್ಕುವುದು, ಬಿಸಿನೀರಿನ ಶಾಖ ಕೊಡುವುದು. ಈ ನಿಧಾನದ ಇಂಜೆಕ್ಷನ್ನಿಗೆ ಅದು ಆಗುವುದೇ ಇಲ್ಲ. ತಿಕ್ಕಿದರೆ ಮದ್ದು ಬೇಗ ಬೇಗ ಬಿಡ್ತದೆ.”

ನಾಲ್ಕೂವರೆಗೆ ನರ್ಸ್ ಬಾಗಿಲಿಗೆ ಬಂದು ಕರೆದರು. ಸೇಸಮ್ಮ ಕಣ್ಣು ಬಿಟ್ಟಿದ್ದರು. ಗಂಡನನ್ನು ಕಂಡು ಒಣಗಿದ ತುಟಿಯಲ್ಲಿ, “ಕೋಳಿಗಳಿಗೆ ಅಕ್ಕಿ ಹಾಕ್ಲಿಕ್ಕೆ ಯಾರಿಗಾದರೂ ಹೇಳಿದ್ದೀರಾ?” ಅಂತ ಕೇಳಿದರು. ಮಾಯಿಲಪ್ಪಣ್ಣ ಮಂಚದ ಕಾಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತರು.

ಮೂರು ದಿನ ಬಿಟ್ಟು ಮನೆಗೆ ಬಂದರು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಅದೇ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಪುನಃ ಬರೆದಿದ್ದರು. ಮೊದಲ ದಿನ ಅದನ್ನು ಕೊಡುವಾಗ ಮಾಯಿಲಪ್ಪಣ್ಣನ ಜೀವ ಕೈಯಲ್ಲಿತ್ತು. ಸೇಸಮ್ಮನೇ ಕಸಿದುಕೊಂಡು ನೀರು ಕುಡಿದು ನುಂಗಿದರು. “ಸುಮ್ಮನೆ ನನ್ನ ಮುಖ ಏನು ನೋಡುವುದು? ಹೋಗಿ ಅನ್ನ ಬಸಿಯಿರಿ,” ಅಂದರು. ಸುಪ್ರೀತಾ ಸಿಸ್ಟರ್ ಎರಡು ದಿನಕ್ಕೊಮ್ಮೆ ಬಂದು ಬಿ.ಪಿ. ನೋಡಿದರು. ಸರಿಯಾಗಿ ನಿಂತಿತ್ತು.

ಆ ಭಾನುವಾರ ಮಹಿಳೆಯರ ಸ್ವಸಹಾಯ ಸಂಘದ ಸಭೆ. ಸೇಸಮ್ಮ ಏಳುವ ಹಾಗಿಲ್ಲ ಅಂತ ಎಲ್ಲರೂ ಅವರ ಚಾವಡಿಯಲ್ಲೇ ಸೇರಿದರು. ಮದ್ದಿನ ಬಗ್ಗೆ ನಾಲ್ಕು ಮಾತು ಹೇಳಲು ಸುಪ್ರೀತಾ ಸಿಸ್ಟರೂ ಬಂದಿದ್ದರು. ಅವರು ಆರಂಭ ಮಾಡುವ ಮೊದಲೇ ಮಾಯಿಲಪ್ಪಣ್ಣ ಒಳಕೋಣೆಗೆ ಹೋದರು.

“ಎಲ್ಲರ ಎದುರು ಹೇಳ್ಲಾ? ನಿನ್ನ ವಿಷಯ,” ಅಂತ ಪಿಸುಗುಟ್ಟಿದರು.

“ಹೇಳಿ. ಪ್ಯಾನಿನಲ್ಲಿ ಹೋಗುವಷ್ಟು ಸಣ್ಣ ಮಾನ ಅಲ್ಲ ನನ್ನದು.”

ಹೇಳಿದರು. ಇಪ್ಪತ್ತು ಹೆಂಗಸರ ಎದುರು, ಕಿವಿ ಕೆಂಪು ಮಾಡಿಕೊಂಡು, ಪ್ಯಾನಿನಿಂದ ಹಿಡಿದು ಆಸ್ಪತ್ರೆಯ ಬೆಂಚಿನವರೆಗೆ ಹೇಳಿದರು. ಮಾತ್ರೆ ತೊಳೆದು ನೋಡಿದ್ದು ಬಂದಾಗ ಎಲ್ಲರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಅವರೂ ನಕ್ಕರು. “ನಗಿ, ತೊಂದರೆ ಇಲ್ಲ. ನಾಚಿಕೆಯಿಂದ ಕೇಳದೆ ಕೂತೆನಲ್ಲ, ಅದರಿಂದ ಇವಳ ಜೀವವೇ ಹೋಗ್ತಿತ್ತು,” ಅಂದರು.

ನಗು ನಿಂತಿತು. ಹಿಂದೆ ಗೋಡೆಗೆ ಒರಗಿ ಕೂತಿದ್ದ ಸರಸ ಮೆಲ್ಲ ಎದ್ದು ನಿಂತಳು. ಮುಖ ಬಿಳುಚಿತ್ತು.

“ಸಿಸ್ಟರ್, ನಮ್ಮ ಅತ್ತೆಗೆ ನುಂಗ್ಲಿಕ್ಕೆ ಕಷ್ಟ. ದಿನಕ್ಕೊಂದೇ ನುಂಗುವ ಹೊಸ ಮಾತ್ರೆ ದಪ್ಪ ಉಂಟು. ನಾಳೆಯಿಂದ, ಅಲ್ಲ, ಇವತ್ತು ಸಂಜೆಯಿಂದಲೇ ಪುಡಿ ಮಾಡಿ ಗಂಜಿಗೆ ಹಾಕಲು ಮಗಳಿಗೆ ಹೇಳಿ ಬಂದಿದ್ದೇನೆ.” ಹೇಳುತ್ತಲೇ ಫೋನ್ ತೆಗೆದಳು. ಎರಡು ಸಲ ತಪ್ಪು ಒತ್ತಿದಳು.

“ಪ್ರಾಪ್ತಿ, ಅಜ್ಜಿಗೆ ಗಂಜಿ ಕೊಟ್ಟಿಯಾ?”

ಇನ್ನೂ ಕೊಡಲಿಲ್ಲ, ತಣಿಯಲಿಕ್ಕೆ ಇಟ್ಟಿದ್ದೇನೆ ಅಂದಳು ಆ ಕಡೆಯಿಂದ ಮಗಳು.

“ಕೊಡಬೇಡ. ಕೆಳಗಿಡು. ಹೌದು, ಚೆಲ್ಲು. ಬೇರೆ ಗಂಜಿ ಕೊಡು. ಮಾತ್ರೆ ಬೇಡ, ನಾನು ಬರ್ತೇನೆ,” ಅಂದವಳು ಅಲ್ಲೇ ಕುಸಿದು ಕೂತಳು.

ಮಾಯಿಲಪ್ಪಣ್ಣ ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟರು. ಸುಪ್ರೀತಾ ಸಿಸ್ಟರ್ ಸರಸಳ ಬೆನ್ನು ನೇವರಿಸಿದರು. “ನುಂಗಲು ಆಗದವರಿಗೆ ಬೇರೆ ದಾರಿ ಉಂಟು. ಸಣ್ಣ ಮಾತ್ರೆ ಉಂಟು, ಕೆಲವಕ್ಕೆ ಸಿರಪ್ಪೂ ಉಂಟು. ಈಗಲೇ ಡಾಕ್ಟರಿಗೆ ಫೋನ್ ಮಾಡಿ ಕೇಳುವ,” ಅಂದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ದಿನಕ್ಕೊಂದೇ ಸಲ ನುಂಗುವ ಬಿ.ಪಿ., ಶುಗರ್, ಅಪಸ್ಮಾರದ ಮಾತ್ರೆ ಇರಬಹುದು. ಅದು ನಿಧಾನಕ್ಕೆ ಬಿಡುವಂಥದ್ದಾ ಅಂತ ಮೆಡಿಕಲಿನವರ ಹತ್ತಿರ ಕೇಳಿ. ಹೌದು ಅಂದರೆ ಕುಟ್ಟಬೇಡಿ, ತೇಯಬೇಡಿ, ಜಗಿಯಬೇಡಿ. ಅವರು ಹೇಳದೆ ತುಂಡು ಮಾಡಬೇಡಿ. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ ಆದರೆ ಆ ಜಾಗವನ್ನು ತಿಕ್ಕಬೇಡಿ. ಮಲದಲ್ಲಿ ಮಾತ್ರೆ ಕಂಡರೆ ಹೆದರಿ ಮದ್ದು ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಮದ್ದು ಕೊಟ್ಟ ಮೇಲೆ ಏನಾದರೂ ಹೆಚ್ಚುಕಡಿಮೆ ಆದರೆ, ಹೇಗೆ ಕೊಟ್ಟಿರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ.

ಸಂಶಯ ಪಡಬೇಡಿ ಅಂತ ನಾವು ಹೇಳುವುದಿಲ್ಲ, ಧಾರಾಳ ಪಡಿ. ಆದರೆ ಬಾಯಿ ಬಿಟ್ಟು ಕೇಳಿ. ಈ ಕಾಗದವನ್ನು ಕೆಳಗಿಟ್ಟು, ಈಗಲೇ ಅಡುಗೆ ಕೋಣೆಗೆ ಹೋಗಿ, ನಿಮ್ಮ ಮನೆಯಲ್ಲಿ ಯಾರ ಮಾತ್ರೆಯನ್ನು ಯಾರು ಪುಡಿ ಮಾಡುತ್ತಿದ್ದಾರೆ ಅಂತ ಕೇಳಿ.